ಗಾಲಿಗೆ ಕೊಟ್ಟ ಕಲ್ಲು

"ಈ ಕಲ್ಲು ನಾ ಇಟ್ಟಿದ್ದಲ್ರಿ ಮೇಡಂ," ಅಂದ ಹಾಲೇಶ್. "ನಾ ಡ್ರೈವರ್ ಅದೀನಿ. ಡ್ರೈವರ್ ಕಲ್ಲು ಇಡಾಂಗಿಲ್ಲ."

ಎಎಸ್‌ಐ ರೇಣುಕಮ್ಮ ಮೇಜಿನ ಮೇಲಿದ್ದ ಫೋಟೋವನ್ನು ಅವನತ್ತ ಇನ್ನಷ್ಟು ಸರಿಸಿದರು. ಅರಬೈಲ್ ಘಟ್ಟದ ಇಳಿಜಾರು. ರಸ್ತೆಯಂಚಿಗೆ ಬಿಳಿ ಕಾರು, ಮೂತಿ ಅಂಕೋಲಾದ ಕಡಲ ಕಡೆಗೆ. ಹಿಂದಿನ ಎಡಗಾಲಿಯ ಮುಂದೆ ತೆಂಗಿನಕಾಯಿಗಿಂತ ಕೊಂಚ ದೊಡ್ಡದೊಂದು ಕರಿಕಲ್ಲು, ಅದರ ಅಡಿಗೆ ಒಂದು ಪುಟ್ಟ ಬೆಣಚುಕಲ್ಲು. ಕಾರಿನ ಭಾರವೆಲ್ಲ ಆ ಕಲ್ಲಿನ ಮೇಲೆಯೇ ಒರಗಿದಂತಿತ್ತು.

ಕಾರು ಅಂದಾನಪ್ಪನವರದು; ಹಾಲೇಶ್ ಅವರ ಮನೆಯ ಡ್ರೈವರ್. ಕಂಪ್ಲಿಯ ತಮ್ಮ ಅಕ್ಕಿ ಗಿರಣಿಯಿಂದ ನಿವೃತ್ತರಾಗಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನೆಲೆಸಿದ್ದ ಅರವತ್ತೆಂಟರ ಆ ಹಿರಿಯರು ಶನಿವಾರ ನಸುಕಿನಲ್ಲಿ ಮನೆ ಬಿಟ್ಟಿದ್ದರು. ಭಾನುವಾರ ಕಾರು ಸಿಕ್ಕಿತು, ಅವರು ಸಿಗಲಿಲ್ಲ. ಇವತ್ತು ಮಂಗಳವಾರ.

"ಸಂಡೂರಿನ ಗಣಿ ಲಾರಿ ಹನ್ನೊಂದು ವರ್ಷ ಓಡಿಸಿದ್ದೀಯ," ಅಂದರು ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನ್, ಕಿಟಕಿಗೆ ಒರಗಿಕೊಂಡು. "ಇಳಿಜಾರಿನಾಗ ಕಾರ್ ನಿಲ್ಲಿಸೋ ಯಾವ ಸಾವ್ಕಾರ ಗಾಲಿಗೆ ಕಲ್ಲು ಇಡ್ತಾನ? ಹ್ಯಾಂಡ್‌ಬ್ರೇಕ್ ಎಳೀತಾನ. ಇಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಲ್ಲ, ಗೇರ್ ನ್ಯೂಟ್ರಲ್. ಇದು ಲಾರಿಯವರ ಕೈ. ನೀನು ಅವರನ್ನ ಇಲ್ಲೇ ಎಲ್ಲೋ ಮುಗಿಸಿ, ಕಾರನ್ನ ಅಲ್ಲಿ ಬಿಟ್ಟು ಬಂದಿ."

ಹಾಲೇಶ್ ಫೋಟೋದಿಂದ ಕಣ್ಣೆತ್ತಲಿಲ್ಲ.

"ಮೇಡಂ, ಒಂದ್ ಮಾತು. ಸಾವ್ಕಾರ್ರ ಮನಿ ಅಮ್ಮಾರ ಮಂಡಿನೋವಿನ ಗುಳಿಗಿ ನಿನ್ನೆಗೆ ಮುಗಿಯೋದಿತ್ತು. ಯಾರಾದ್ರೂ ತಂದುಕೊಟ್ರೇನ್ರಿ?"

ರೇಣುಕಮ್ಮ ಗುಳಿಗೆಯ ಹೆಸರು ಕೇಳಿ ಬರೆದುಕೊಂಡರು. ಆ ಫೋಟೋದಲ್ಲಿ ಕಲ್ಲನ್ನು ಮೊದಲು ಕಂಡವರು ಅವರೇ. ನಿನ್ನೆ ಸಂಜೆ ಇನ್ಸ್‌ಪೆಕ್ಟರಿಗೆ ಬೆರಳಿಟ್ಟು ತೋರಿಸಿದವರೂ ಅವರೇ. ಒಂದು ರಾತ್ರಿಯಲ್ಲಿ ಆ ಕಲ್ಲು ಈ ಮನುಷ್ಯನನ್ನು ಅವನೂರು ಚೋರನೂರಿನ ಹೊಲದಿಂದ ಎಳೆದು ತಂದು ಇಲ್ಲಿ ಕೂರಿಸಿತ್ತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಇನ್ಸ್‌ಪೆಕ್ಟರ್ ಆಗಲೇ ಯಲ್ಲಾಪುರದವರಿಗೆ ಫೋನ್ ಮಾಡಿ ಹೇಳಿದ್ದರು: ಮನುಷ್ಯ ಘಟ್ಟಕ್ಕೆ ಬಂದೇ ಇಲ್ಲ, ಐದು ಗಂಟೆಗೆ ಹುಡುಕಾಟ ನಿಲ್ಲಿಸಿರಿ. ಗಂಗಾವಳಿ ಹೊಳೆಯ ಕಣಿವೆಗೆ ಹಗ್ಗ ಬಿಟ್ಟು ಇಳಿದಿದ್ದ ಹದಿನೆಂಟು ಮಂದಿ ಐದಕ್ಕೆ ಮೇಲೆ ಹತ್ತಿ ಬರುತ್ತಾರೆ. ಅಂದಾನಪ್ಪ ಅಲ್ಲೇ ಎಲ್ಲೋ ಉಸಿರಾಡುತ್ತಿದ್ದರೆ, ಆ ಉಸಿರು ಇನ್ನೊಂದು ಚಳಿಯ ಇರುಳನ್ನು ತಡೆಯುವುದಿಲ್ಲ.

ಗೋಡೆ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

"ಡ್ರೈವರ್ ಕಲ್ಲು ಇಡಾಂಗಿಲ್ಲ ಅಂದ್ಯಲ್ಲ, ಯಾಕ?" ಕೇಳಿದರು ರೇಣುಕಮ್ಮ.

"ಇಟ್ಟು ತೋರಿಸಲೇನ್ರಿ?"

ಇನ್ಸ್‌ಪೆಕ್ಟರ್ ನಕ್ಕರು. "ತೋರಿಸಪ್ಪ. ಅದೊಂದು ಉಳಿದಿತ್ತು."

ಠಾಣೆಯ ಹಿಂದೆ ಜೀಪು ನಿಲ್ಲುವ ಜಾಗ ರಸ್ತೆಯ ಕಡೆಗೆ ಇಳಿಜಾರು. ಹಾಲೇಶ್ ಜೀಪು ಹತ್ತಿ ಮೊದಲು ಸೀಟನ್ನು ಹಿಂದಕ್ಕೆ ತಳ್ಳಿಕೊಂಡ. ಉದ್ದ ಕಾಲಿನ ಆಳು, ಮಂಡಿ ಸ್ಟೇರಿಂಗಿಗೆ ತಾಗುತ್ತಿತ್ತು. ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಇಳಿಸಿದ.

"ನೋಡ್ರಿ. ಈಗ ನನ್ನ ಕಾಲು ಬ್ರೇಕ್ ಮ್ಯಾಲೈತಿ. ಕಾಲು ತೆಗೆದ್ರ..." ಎಂದು ಒಂದು ಕ್ಷಣ ತೆಗೆದ. ಜೀಪು ಗೊಣಗಿ ಒಂದು ಮೊಳ ಮುಂದೆ ಜಾರಿತು. ಇನ್ಸ್‌ಪೆಕ್ಟರ್ ಹಾರಿ ಪಕ್ಕಕ್ಕೆ ಸರಿದರು.

"ಲೇ, ನನ್ನ ಮ್ಯಾಲೇ ಹತ್ತಿಸ್ತೀಯೇನ್ಲೇ!"

"ಅದಕ್ಕೇ ಹೇಳಿದ್ದು ಸರ್. ಹಿಂಗ ಕುಂತವನು ಇಳಿದು ಕಲ್ಲು ಹೆಂಗ ಇಡ್ತಾನ? ಲೋಡ್ ಲಾರಿ ಹ್ಯಾಂಡ್‌ಬ್ರೇಕ್ ನಂಬಾಂಗಿಲ್ಲ. ಡ್ರೈವರ್ ಬ್ರೇಕ್ ತುಳಿದು ಕುಂತಿರ್ತಾನ. ಕ್ಲೀನರ್ ಇಳಿದು ಗಾಲಿಗೆ ಕಲ್ಲು ಕೊಡ್ತಾನ. ಕೊಟ್ಟು ಗಾಡಿ ಬಡೀತಾನ. ಆ ಸದ್ದು ಕೇಳಿದ ಮ್ಯಾಲೇ ಡ್ರೈವರ್ ಕಾಲು ಎತ್ತೋದು."

"ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಕಲ್ಲು ಇಟ್ಟು, ವಾಪಸ್ ಬಂದು ಬಿಟ್ಟಿರಬೋದಲ್ಲ?"

"ಎಳೆದ ಮ್ಯಾಲೆ ಮತ್ತ ಯಾಕ ಬಿಡ್ತಾನ್ರಿ ಸರ್? ಗಾಡಿ ನಿಂತೇ ಐತಲ್ಲ."

ರೇಣುಕಮ್ಮ ತಾವೇ ಒಂದು ಕಲ್ಲು ತಂದು ಜೀಪಿನ ಗಾಲಿಗೆ ಕೊಟ್ಟು, ಗಾಡಿ ಬಡಿದು, ಹಾಲೇಶ್ ಕಾಲು ಎತ್ತಿದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಕಲ್ಲಿಗೆ ಒರಗಿದ ಗಾಲಿ. ಕಾಲು ಎತ್ತಿದ ಮೇಲೆ ಗಾಡಿ ಒಂದಂಗುಲ ಉರುಳಿ ಕಲ್ಲನ್ನು ಅಪ್ಪಿದ ಹಾಗೆ. ಫೋಟೋದಲ್ಲಿ ಇದ್ದದ್ದೂ ಇದೇ.

"ಸರ್, ಕಾರಿನಾಗ ಇಬ್ಬರಿದ್ರು," ಅಂದರು ಎದ್ದು.

"ಇರಲಿ. ಇವನು, ಇವನ ಹಳೇ ಕ್ಲೀನರ್ ಒಬ್ಬ. ಒಬ್ಬನ ಬದಲು ಇಬ್ಬರನ್ನ ಹಿಡಿಯೋಣ." ಇನ್ಸ್‌ಪೆಕ್ಟರ್ ಮುಖದ ಬೆವರು ಒರೆಸಿಕೊಂಡರು. "ಮತ್ತ ಸಾವ್ಕಾರ್ರು ಬರೆದಿಟ್ಟ ಆ ಪ್ರಯಾಣದ ಪಟ್ಟಿ ಐತಲ್ಲ ಮೇಡಂ, ಅದರಾಗೂ ಲಾರಿ ಭಾಷೆನೇ. ಘಟ್ಟದ ತಲೆಗೆ ಕಾಲು ತಾಸು, ಕಾದ ಬ್ರೇಕ್ ಆರಲಿ ಅಂತ. ಗಿರಣಿ ಸಾವ್ಕಾರರಿಗೆ ಬ್ರೇಕ್ ಆರಿಸೋದು ಯಾರು ಕಲಿಸಿದ್ರು? ಇವನೇ ಬರೆಸಿದ್ದಾನ."

"ನಾ ಬರೆಸಿಲ್ರಿ. ಅವರು ಅದನ್ನ ನನಗ ತೋರಿಸೇ ಇಲ್ಲ."

"ಐದರ ತನಕ ಟೈಮ್ ಐತಿ ಸರ್," ಅಂದರು ರೇಣುಕಮ್ಮ. "ನಾ ಒಮ್ಮೆ ಅಂದಾನಪ್ಪನವರ ಹೆಂಡ್ತಿ ಮುದುಕಮ್ಮನವರನ್ನ ಕಂಡು ಬರ್ತೀನಿ. ಇವನ ಜೋಡಿ ಕ್ಲೀನರ್ ಯಾರಾದ್ರೂ ಆ ಮನಿಗೆ ಬಂದು ಹೋಗ್ತಿದ್ರಾ ಕೇಳ್ತೀನಿ."

ಹೊರಡುವ ಮುನ್ನ ಅವರು ಠಾಣೆಯ ಎದುರಿನ ಔಷಧಿ ಅಂಗಡಿಗೆ ಹೋಗಿ ಮಂಡಿನೋವಿನ ಗುಳಿಗೆ ಕೇಳಿದರು. ಹೆಸರು ಹಾಲೇಶನೇ ಹೇಳಿದ್ದ, ದಿನಕ್ಕೆ ಎಷ್ಟು ಎಂಬುದನ್ನೂ.

ಚಿತ್ತವಾಡ್ಗಿಗೆ ಹೋಗುವ ಆಟೋದಲ್ಲಿ ಪಟ್ಟಿಯನ್ನು ಮತ್ತೆ ಬಿಚ್ಚಿದರು. ಹಳೆಯ ಕ್ಯಾಲೆಂಡರಿನ ಹಾಳೆ, ಹಿಂಬದಿಯಲ್ಲಿ ಅಂದಾನಪ್ಪನವರ ದುಂಡನೆಯ ಅಕ್ಷರ. ಹೊಸಪೇಟೆಯಿಂದ ಅಂಕೋಲಾಕ್ಕೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಒಂದೇ ದಿನದ ದಾರಿ. ಅದಕ್ಕೆ ಆ ಮನುಷ್ಯ ಮೂರು ವಾರ ಯೋಚಿಸಿದ್ದರು.

*ಕೊಪ್ಪಳದ ಆಚೆ ಬಂಕ್: ಮೆಟ್ಟಿಲಿಲ್ಲ. ಕುರ್ಚಿ ಕಕ್ಕಸು ಐತಿ ಅಂದ್ರು. ನೋಡಬೇಕು.*

*ಗದಗ: ಇಡ್ಲಿ. ಆ ಹೋಟೆಲಿನ ನೆಲ ಜಾರುತ್ತೆ, ಬ್ಯಾಡ. ಕಾರಿನಾಗೇ ತಂದುಕೊಡೋದು.*

*ಹುಬ್ಬಳ್ಳಿ ಬೈಪಾಸ್: ನೆರಳು ನೋಡಬೇಕು. ಅರ್ಧ ತಾಸು ಕಾಲು ಚಾಚಿ ಮಲಗಲಿ.*

*ಯಲ್ಲಾಪುರ: ಊಟ. ಎರಡು ಮೆಟ್ಟಿಲು ಅಂದ್ರು. ಎತ್ತರ ಎಷ್ಟು? ನೋಡಬೇಕು.*

*ಘಟ್ಟದ ತಲೆ: ಕಾಲು ತಾಸು. ಬ್ರೇಕ್ ಆರಲಿ.*

*ಅಂಕೋಲಾ: ಬಿಸಿಲು ಇಳಿದ ಮೇಲೆ. ಕುರ್ಚಿ ನೀರಿನ ತನಕ.*

ಹೊರಡುವುದು ಸೋಮವಾರ ಎಂದಿತ್ತು. ಹಾಲೇಶ್ ಓಡಿಸಬೇಕಿತ್ತು, ಗಂಡ ಹೆಂಡತಿ ಹಿಂದೆ ಕೂರಬೇಕಿತ್ತು. ಎರಡು ದಿನ ಮೊದಲೇ, ಹಾಲೇಶ್ ಕಡಲೆ ಬಿತ್ತಲು ಊರಿಗೆ ಹೋಗಿದ್ದಾಗ, ಆ 'ನೋಡಬೇಕು'ಗಳನ್ನೆಲ್ಲ ಕಣ್ಣಾರೆ ನೋಡಿ ಬರುತ್ತೇನೆಂದು ಅಂದಾನಪ್ಪ ಒಬ್ಬರೇ ಹೊರಟಿದ್ದರು.

ಒಬ್ಬರೇ ಎಂದು ಎಲ್ಲರೂ ತಿಳಿದಿದ್ದರು.

ಬಾಗಿಲು ತೆರೆದವಳು ಸ್ಫೂರ್ತಿ. ಮುದುಕಮ್ಮನವರ ತೀರಿಹೋದ ತಂಗಿಯ ಮಗಳು, ಎಂಟು ವರ್ಷದವಳಿದ್ದಾಗಿನಿಂದ ಈ ಮನೆಯಲ್ಲೇ ಬೆಳೆದವಳು. ಈಗ ಹಂಪಿಯಲ್ಲಿ ಪ್ರವಾಸಿಗರಿಗೆ ಗೈಡ್. ಮೂರು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ.

"ಬರ್ರಿ ಮೇಡಂ. ಏನಾದ್ರೂ..." ಎಂದವಳು ರೇಣುಕಮ್ಮನ ಮುಖ ನೋಡಿ ನಿಲ್ಲಿಸಿದಳು. "ಒಳಗ ಬರ್ರಿ. ಬಿಸಿಲಾಗ ಬಂದೀರಿ."

ಪಡಸಾಲೆಯಲ್ಲಿ ಮುದುಕಮ್ಮ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಕಾಲಡಿಗೆ ಮಡಚಿದ ಕಂಬಳಿ. ಪಕ್ಕದಲ್ಲಿ ಕಟ್ಟಿಟ್ಟ ಚೀಲ, ಇನ್ನೂ ಬಿಚ್ಚಿರಲಿಲ್ಲ. ಗೋಡೆಗೆ ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದು ಒರಗಿತ್ತು. ಅದರ ಎರಡೂ ಕೈಗಳಿಗೆ ಹಳೆಯ ಸೀರೆಯ ಅಂಚನ್ನು ಮೆತ್ತಗೆ ಸುತ್ತಲಾಗಿತ್ತು, ಹಿಡಿದುಕೊಂಡರೆ ಬಿಸಿ ತಾಗದ ಹಾಗೆ. ಅದೇ ನೀರಿನ ತನಕ ಹೋಗಬೇಕಿದ್ದ ಕುರ್ಚಿ.

"ಕುಂದ್ರು ತಂಗಿ," ಅಂದರು ಮುದುಕಮ್ಮ. "ಸ್ಫೂರ್ತಿ, ಚಾ ಇಡವ್ವ."

ರೇಣುಕಮ್ಮ ಗುಳಿಗೆಯ ಪೊಟ್ಟಣ ಕೊಟ್ಟರು. "ಹಾಲೇಶ್ ನೆನಪು ಮಾಡಿದ."

ಮುದುಕಮ್ಮ ಪೊಟ್ಟಣವನ್ನು ತಿರುಗಿಸಿ ನೋಡಿದರು. "ಅವನನ್ನ ಬಡಿದ್ರೇನು?"

"ಇಲ್ಲಮ್ಮ. ನಾ ಅಲ್ಲೇ ಇದ್ದೆ."

"ಬಡೀಬ್ಯಾಡ್ರಿ. ನಾ ಮೆಟ್ಟಿಲು ಇಳಿಯೋ ಮುಂದ ಆ ಹುಡುಗ ನನ್ನ ಮುಂದ ನಡೀತಾನ, ಹಿಂದ ಅಲ್ಲ. ಬಿದ್ರ ತನ್ನ ಮ್ಯಾಲೆ ಬೀಳ್ಲಿ ಅಂತ. ಅಂಥವನು ಇವ್ರಿಗೆ ಕೇಡು ಮಾಡ್ತಾನೇನು?"

ಅಡುಗೆಮನೆಯಲ್ಲಿ ಸ್ಫೂರ್ತಿ ಮಣೆಯೊಂದನ್ನು ಕಾಲಿಂದ ಎಳೆದು, ಅದರ ಮೇಲೆ ಹತ್ತಿ, ಮೇಲಿನ ಹಲಗೆಯಿಂದ ಚಹಾಪುಡಿಯ ಡಬ್ಬಿ ಇಳಿಸಿದಳು. ಇಳಿದವಳೇ ಮೊದಲು ದೊಡ್ಡಮ್ಮನಿಗೆ ನೀರು ತಂದುಕೊಟ್ಟು, ಗುಳಿಗೆ ಬಿಡಿಸಿ ಅಂಗೈಗಿಟ್ಟು, ನುಂಗುವ ತನಕ ಲೋಟದ ತಳ ಹಿಡಿದು ನಿಂತಳು. ನುಂಗಿದ ಮೇಲೆ ಸೆರಗಿನ ತುದಿಯಿಂದ ಅವರ ಗದ್ದ ಒರೆಸಿದಳು. ಹೆತ್ತ ಮಗಳೂ ಇಷ್ಟು ಮಾಡಲಿಕ್ಕಿಲ್ಲ ಎಂದುಕೊಂಡರು ರೇಣುಕಮ್ಮ.

ಅವಳು ಒಳಗೆ ಹೋದ ಮೇಲೆ ಫೋಟೋ ತೆಗೆದರು.

"ಅಮ್ಮಾ, ಇದನ್ನ ನಿಮಗ ತೋರಿಸಬಾರದು ಅಂತ ಇದ್ದೆ. ಹಾಲೇಶನ ಜೋಡಿ ಲಾರಿಯಾಗ ಇದ್ದ ಕ್ಲೀನರ್ ಯಾರಾದ್ರೂ ನಿಮ್ಮ ಮನಿಗೆ ಬರ್ತಿದ್ರಾ? ಯಾಕಂದ್ರ ಈ ಕಲ್ಲು ಇಟ್ಟವನು..."

ಮುದುಕಮ್ಮ ಕನ್ನಡಕ ಸರಿಮಾಡಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದರು. ಅವರ ಬೆರಳು ಕಾರಿನ ಮೇಲೆ ನಿಲ್ಲಲಿಲ್ಲ, ನೇರ ಗಾಲಿಗೆ ಹೋಯಿತು. ಕರಿಕಲ್ಲು ದಾಟಿ, ಅದರಡಿಯ ಪುಟ್ಟ ಬೆಣಚುಕಲ್ಲಿನ ಮೇಲೆ ಬಂದು ನಿಂತಿತು.

ಆಮೇಲೆ ಅವರು ಅಳತೊಡಗಿದರು. ಸದ್ದಿಲ್ಲದೆ.

"ಅಮ್ಮಾ?"

"ಇದು ಅವ್ರ ಕೈ ತಂಗಿ. ನಮ್ಮ ಯಜಮಾನ್ರ ಕೈ."

"ಅಂದ್ರ?"

"ದೊಡ್ಡ ಕಲ್ಲಿಗೊಂದು ಸಣ್ಣ ಕಲ್ಲು. ದೊಡ್ಡದು ಜಾರಬಾರದು ಅಂತ. ಯಾರೂ ಹಿಂಗ ಇಡಾಂಗಿಲ್ಲ, ಅವ್ರೊಬ್ಬರೇ. ಒಮ್ಮೆ ಕಲ್ಲು ಜಾರಿ ಎಡಗೈ ಹೆಬ್ಬೆರಳು ಜಜ್ಜಿಹೋಗಿತ್ತು. ಉಗುರು ಮತ್ತ ಬರಲೇ ಇಲ್ಲ. ಅವತ್ತಿಂದ ಹಿಂಗ."

ರೇಣುಕಮ್ಮ ಕಡತದಿಂದ ಪಟ್ಟಿಯನ್ನು ಹೊರತೆಗೆದರು.

"ಅವ್ರು ಕ್ಲೀನರ್ ಆಗಿದ್ರಾ?"

"ಮದುವಿಯಾದಾಗ ಅದೇ ಕೆಲಸ. ಕಂಪ್ಲಿಯಿಂದ ಅಕ್ಕಿ ತುಂಬಿಕೊಂಡು ಘಟ್ಟ ಇಳಿದು ಕರಾವಳಿಗೆ ಹೋಗೋ ಲಾರಿ. ಗಿರಣಿ ನಮ್ಮಪ್ಪಂದು. ಅಳಿಯ ಲಾರಿ ಕ್ಲೀನರ್ ಅಂತ ಯಾರ ಮುಂದೂ ಹೇಳಬ್ಯಾಡ ಅಂದಿದ್ದ ನಮ್ಮಪ್ಪ. ಆಮ್ಯಾಲೆ ಗಿರಣಿ ಇವ್ರ ಕೈಗೆ ಬಂತು, ಆ ಮಾತು ಹಂಗೇ ಮುಚ್ಚಿಹೋತು. ನಲವತ್ತಾರು ವರ್ಷ ಆತು." ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಮೊದಲನೇ ಸಲ ಕಡಲು ನೋಡಿ ಬಂದಾಗ ರಾತ್ರಿಯೆಲ್ಲ ಹೇಳಿದ್ರು. ನಿನ್ನೂ ಕರಕೊಂಡು ಹೋಗ್ತೀನಿ, ನೀರಿನ ತನಕ ಹೋಗೋಣ ಅಂತ. ನಾ ಮರೆತಿದ್ದೆ. ಅವ್ರು ಮರೆತಿಲ್ಲ."

ರೇಣುಕಮ್ಮ ಗಡಿಯಾರ ನೋಡಿದರು. ನಾಲ್ಕು ಇಪ್ಪತ್ತು.

ಹಾಗಾದರೆ ಬ್ರೇಕ್ ಆರಲಿ ಎಂದು ಬರೆದದ್ದು ಹಾಲೇಶನ ಮಾತಲ್ಲ. ಅಂದಾನಪ್ಪನವರದೇ. ಹಾಗಾದರೆ ಅವರು ಘಟ್ಟ ತಲುಪಿದ್ದರು. ಜೀವಂತವಾಗಿ, ತಮ್ಮ ಕಾಲ ಮೇಲೆ ಇಳಿದು, ಹಳೆಯ ಅಭ್ಯಾಸದಂತೆ ಕಲ್ಲು ಹುಡುಕಿ ತಂದು, ಅದಕ್ಕೊಂದು ಸಣ್ಣ ಕಲ್ಲು ಕೊಟ್ಟು, ಗಾಡಿ ಬಡಿದಿದ್ದರು. ಹದಿನೆಂಟು ಮಂದಿ ಇನ್ನು ನಲವತ್ತು ನಿಮಿಷಕ್ಕೆ ಹಗ್ಗ ಮೇಲೆಳೆಯಲಿದ್ದ ಜಾಗದಲ್ಲಿ. ತಾವು ತೋರಿಸಿದ ಕಲ್ಲೇ, ಅವರನ್ನು ಅಲ್ಲಿ ಬಿಟ್ಟು ಬನ್ನಿ ಎಂದು ಹುಡುಕುವವರಿಗೆ ಹೇಳಿಸಿತ್ತು.

ಫೋನ್ ಕೈಗೆತ್ತಿಕೊಂಡರು. ಘಟ್ಟದಲ್ಲಿದ್ದ ಕಾನ್‌ಸ್ಟೇಬಲ್ ಕನಕರಾಜನ ನಂಬರು ಒತ್ತಿದರು. ಸದ್ದಿಲ್ಲ. ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ. ಮತ್ತೆ ಒತ್ತಿದರು.

"ತಂಗಿ," ಅಂದರು ಮುದುಕಮ್ಮ, ಫೋಟೋವನ್ನು ಇನ್ನೂ ಮಡಿಲಲ್ಲಿಟ್ಟುಕೊಂಡು. "ಇವ್ರು ಇಳಿದು ಕಲ್ಲು ಕೊಡಬೇಕು ಅಂದ್ರ, ಬ್ರೇಕ್ ಮ್ಯಾಲೆ ಕಾಲು ಯಾರದು?"

ಅದೇ ಪ್ರಶ್ನೆ ರೇಣುಕಮ್ಮನ ಎದೆಯಲ್ಲೂ ಇತ್ತು. ಕ್ಲೀನರಿಗೆ ಡ್ರೈವರ್ ಬೇಕು. ಕಲ್ಲು ಕೊಟ್ಟೆ ಎಂದು ಗಾಡಿ ಬಡಿಯುವ ತನಕ ಕಾಲು ಎತ್ತಬಾರದೆಂದು ಗೊತ್ತಿರುವ ಡ್ರೈವರ್.

"ಅವ್ರು ಯಾರಿಗಾದ್ರೂ ಕಾರ್ ಕಲಿಸಿದ್ರಾ ಅಮ್ಮಾ?"

ಕೇಳಿದ ಕ್ಷಣಕ್ಕೇ ಮಹಜರಿನ ಒಂದು ಸಾಲು ನೆನಪಾಯಿತು. ಭಾನುವಾರವೇ ಬರೆದ ಸಾಲು, ಓದಿ ದಾಟಿಹೋದ ಸಾಲು. *ಚಾಲಕನ ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯಲಾಗಿದೆ.* ಹಿಂದಿನ ಚೀಲ ತೆಗೆಯಲು ಯಾರೋ ತಳ್ಳಿರಬೇಕು ಎಂದಿದ್ದರು ಇನ್ಸ್‌ಪೆಕ್ಟರ್. ಆರಡಿಯ ಅಂದಾನಪ್ಪ ಆ ಸೀಟಿನಲ್ಲಿ ಕೂರಲಾರರು. ಮಧ್ಯಾಹ್ನ ಜೀಪು ಹತ್ತಿದೊಡನೆ ಸೀಟು ಹಿಂದಕ್ಕೆ ತಳ್ಳಿದ ಹಾಲೇಶನೂ ಕೂರಲಾರ.

ಮುದುಕಮ್ಮ ಫೋಟೋದಿಂದ ತಲೆಯೆತ್ತಿದರು.

ಅವರ ಕಣ್ಣು ಅಡುಗೆಮನೆಯ ಕಡೆ ಹೋಗಿ, ಹಲಗೆಯ ಕೆಳಗೆ ನೆಲದ ಮೇಲಿದ್ದ, ಸ್ಫೂರ್ತಿ ಹತ್ತಿ ಇಳಿದಿದ್ದ ಆ ಮಣೆಯ ಮೇಲೆ ನಿಂತಿತು.

"ಕಾಲುವೆ ದಂಡಿ ಮ್ಯಾಲೆ ಕಲಿಸಿದ್ರು," ಅಂದರು, ಬೇರೆ ಯಾರದೋ ಮಾತು ಹೇಳುವಂತೆ. "ಏರಿನಾಗ ನಿಲ್ಲಿಸೋ ಮುಂದ ಇವ್ರೇ ಇಳಿದು ಕಲ್ಲು ಇಡೋರು. ಬಡೀತೀನಿ ಮಗಳಾ, ಆಮ್ಯಾಲೆ ಕಾಲು ಎತ್ತು ಅನ್ನೋರು. ಭಾಳ ನಗ್ತಿದ್ರು ಇಬ್ಬರೂ."

ಶನಿವಾರ ನಸುಕಿಗೆ ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ತೋರಿಸಲು ಪ್ರವಾಸಿಗರನ್ನು ಕರೆದೊಯ್ದಿದ್ದೆ ಎಂದಿದ್ದಳು ಸ್ಫೂರ್ತಿ. ಮರಳಿ ಬಂದದ್ದು ರಾತ್ರಿ ಹನ್ನೊಂದಕ್ಕೆ. ಯಾರೂ ಪ್ರಶ್ನಿಸಿರಲಿಲ್ಲ. ಯಾಕೆ ಪ್ರಶ್ನಿಸಬೇಕು? ದೊಡ್ಡಮ್ಮನ ಗದ್ದ ಒರೆಸುವ ಹುಡುಗಿ.

ಆಗ ಫೋನ್ ತಗುಲಿತು. "ಹಲೋ, ಮೇಡಂ? ಇಲ್ಲಿ ಎಲ್ಲಾ ಮ್ಯಾಲೆ ಬರಾಕ ಹತ್ಯಾರ. ಇನ್ನೇನು..." ಕನಕರಾಜನ ದನಿ ತುಂಡು ತುಂಡಾಗಿ ಬರುತ್ತಿತ್ತು.

"ನಿಲ್ಲಿಸಬ್ಯಾಡ್ರಿ!" ರೇಣುಕಮ್ಮ ಎದ್ದು ನಿಂತರು. "ಕನಕರಾಜ್, ಕೇಳಸ್ತೈತಾ? ಇನ್ಸ್‌ಪೆಕ್ಟರಿಗೆ ನಾ ಹೇಳ್ತೀನಿ. ಅವ್ರು ಅಲ್ಲೇ ಅದಾರ. ಬೆಳಕು ಇರೋತನಕ ಹೊಳಿ ಕಡೆ ಮತ್ತೊಮ್ಮೆ ಇಳೀರಿ. ಜಲ್ದಿ."

"ಹೊಳಿ ಕಡೆ ಎಲ್ಲಾ ಆತಲ್ರಿ ಮೇಡಂ. ಮತ್ತೆಲ್ಲಿ ಅಂತ..."

ಹಿಂದೆ ಲೋಟಗಳು ಸಣ್ಣಗೆ ಒಂದಕ್ಕೊಂದು ತಾಗಿದವು. ಸ್ಫೂರ್ತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಟ್ಟೆ, ಮೂರು ಲೋಟ ಚಹಾ. ದೊಡ್ಡಮ್ಮನ ಲೋಟದ ಮೇಲೆ, ಬೇಗ ಆರದಿರಲೆಂದು, ಒಂದು ಬಟ್ಟಲು ಮುಚ್ಚಿತ್ತು.

ಅವಳು ತಟ್ಟೆಯನ್ನು ಕೆಳಗಿಡಲಿಲ್ಲ. ಮುದುಕಮ್ಮನ ಕಡೆ ನೋಡಲೂ ಇಲ್ಲ.

"ಹೊಳಿ ಕಡೆ ಅಲ್ರಿ ಮೇಡಂ," ಅಂದಳು. "ಕೆಳಗಲ್ಲ. ಮ್ಯಾಲಿನ ತಿರುವಿನಾಗ, ಬಲಕ್ಕ ಒಂದು ಹಳೇ ಕಾಲುದಾರಿ ಐತಿ. ಅಲ್ಲಿ ನೋಡಾಕ ಹೇಳ್ರಿ."